ಪುಟ್ಟಿ, ರಜೆಯ ಮಾತು ಅಳಿಸೋದು ಮರೀಬೇಡ

ಪುಟ್ಟಿ, ಆಫೀಸಿನ ಟೀಮ್ಸ್‌ನಲ್ಲಿ, ಅದೇ ಫೋನು, ಮೆಸೇಜು ಎಲ್ಲ ಮಾಡುವ ಆ್ಯಪ್‌ನಲ್ಲಿ, ನಾಳೆಯೊಳಗೆ ವಾಯ್ಸ್‌ಮೇಲ್ (ಫೋನ್ ಎತ್ತದಿದ್ದಾಗ ಆ ಕಡೆಯವರ ಮಾತು ಹಿಡಿದಿಡುವುದು) ಹಾಕಿಕೋ ಅಂದಿದ್ದಾರೆ, ಎಡವಟ್ಟಾದರೆ ಏನು ಗತಿ ಮಾವ ಅಂತ ಕೇಳಿದ್ದೀಯಲ್ಲ. ಹೆದರಬೇಡ ಕಣಮ್ಮ. ಆದರೆ ಒಂದು ಮಾತು ಮನಸ್ಸಲ್ಲಿಟ್ಟುಕೋ. ರಜೆಗೆ ಅಂತ ಹೇಳಿಟ್ಟ ಮಾತನ್ನು ರಜೆ ಮುಗಿದ ದಿನವೇ ತೆಗೆಯಬೇಕು.

ನಾನು ಆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಸಾಹುಕಾರರು ಫೋನಿಗೆ ಒಂದು ಮಷೀನ್ ತಂದು ಕೂರಿಸಿದ್ದರು. ನಾವು ಎತ್ತದಿದ್ದರೆ ಅದೇ ಮಾತಾಡಿ, ಆ ಕಡೆಯವರು ಹೇಳಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿತ್ತು. ದಸರೆಗೆ ಅಂಗಡಿ ಮುಚ್ಚುವಾಗ, 'ಹಬ್ಬಕ್ಕೆ ರಜೆ, ವಿಜಯದಶಮಿ ಕಳೆದ ಮೇಲೆ ಬನ್ನಿ' ಅಂತ ನಾನೇ ರೆಕಾರ್ಡ್ ಮಾಡಿದೆ. ಹಬ್ಬ ಮುಗಿಯಿತು, ಅಂಗಡಿ ತೆರೆದೆವು. ಮಷೀನಿನ ಕಡೆ ಯಾರೂ ನೋಡಲಿಲ್ಲ. ದೀಪಾವಳಿ ಕಳೆದರೂ ಅದು ರಜೆ ರಜೆ ಅಂತಲೇ ಹೇಳುತ್ತಿತ್ತು.

ಪಾಂಡವಪುರದ ಕಡೆಯ ಒಬ್ಬ ಆಲೆಮನೆಯವರಿಗೆ ಗಾಣದ ಬೇರಿಂಗ್ ಹೋಯಿತು. ಅಂಗಳದ ತುಂಬ ಕಡಿದ ಕಬ್ಬು. ಕಡಿದ ಕಬ್ಬು ಕಾಯುತ್ತದಾ? ಒಂದು ದಿನದೊಳಗೆ ಅರೆಯಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ, ರಸ ಕೆಡುತ್ತದೆ, ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಪಾಪ, ಎರಡು ಸಲ ಫೋನ್ ಮಾಡಿದರಂತೆ. ನಾವು ಹಿಂದಿನ ಗೋಡೌನಿನಲ್ಲಿದ್ದೆವು. ರಜೆ ಅಂತ ಕೇಳಿ, ಬೇರಿಂಗ್ ಹುಡುಕಿಕೊಂಡು ಮೈಸೂರಿಗೆ ಹೋದರು. ಸಿಗಲಿಲ್ಲ. ಅದು ನಮ್ಮ ಕಪಾಟಿನಲ್ಲೇ ಇತ್ತು ಪುಟ್ಟಿ! ನಾಲ್ಕನೇ ದಿನ ಬಂದು ನಿಂತರು. ಬೈಯಲಿಲ್ಲ. 'ರಜೆ ಅಂದದ್ದು ನಿಮ್ಮ ದನಿಯೇ ಅಲ್ವಾ ಸಾಮಿ' ಅಂದರು, ಅಷ್ಟೇ. ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ರಜೆಯ ಮಾತು ರಜೆ ಮುಗಿದ ದಿನವೇ ಹೋಗಬೇಕು.

ಫೋನಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಗೌರಿ ಹಬ್ಬಕ್ಕೆ ನಿಮ್ಮಮ್ಮನಿಗೆ ಬಾಗಿನ ಕಳಿಸಿ, ತಲುಪಿತಾ ಅಂತ ಕೇಳೋಕೆ ನಾಲ್ಕು ಸಲ ಫೋನ್ ಮಾಡಿದೆ. ಒಬ್ಬರೂ ಎತ್ತಲಿಲ್ಲ. ತಿರುಗಿ ಮಾಡಲೂ ಇಲ್ಲ. ಮೂರು ದಿನ ಆದ ಮೇಲೆ ನಮ್ಮ ಮನೆಯವರ ಈ ಮೆಸೇಜ್ ಗುಂಪಿನಲ್ಲಿ ಒಂದು ಫೋಟೋ ಬಂತು, ಮೊರದ ಫೋಟೋ. ತಂಗಿಯ ದನಿ ಕೇಳಬೇಕು ಅನ್ನಿಸಿತ್ತು ನನಗೆ. ನಿಮ್ಮ ಅತ್ತೆಯೂ ಅವತ್ತೆಲ್ಲ ಫೋನ್ ಪಕ್ಕದಲ್ಲೇ ಕೂತಿದ್ದಳು. ಎಲ್ಲರೂ ಬ್ಯುಸಿ, ಗೊತ್ತು. ಆದರೂ ಒಂದು ನಿಮಿಷ ಸಿಗೋದಿಲ್ವಾ?

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ನಾನು ಈಗ ಲೆಕ್ಕ ಬರೆಯುವ ಕಡೆಯೂ ಟೀಮ್ಸೇ ಇರೋದು. ಸೆಟ್ಟಿಂಗ್ಸ್‌ಗೆ ಹೋಗಿ ಕಾಲ್ಸ್ ಒತ್ತು. ವಾಯ್ಸ್‌ಮೇಲ್ ಅನ್ನೋದರೊಳಗೆ ರೆಕಾರ್ಡ್ ಎ ಗ್ರೀಟಿಂಗ್ ಅಂತ ಇರುತ್ತದೆ, ಗ್ರೀಟಿಂಗ್ ಅಂದರೆ ಫೋನ್ ಮಾಡಿದವರಿಗೆ ಕೇಳಿಸುವ ನಿನ್ನ ಮಾತು. ಒತ್ತಿದರೆ ಒಂದು ದನಿ ದಾರಿ ಹೇಳುತ್ತದೆ, ಅದು ಹೇಳಿದ ಹಾಗೆ ಮಾಡು. ನಿನ್ನ ಹೆಸರು, ಯಾವ ವಿಭಾಗ, ನಂಬರ್ ಬಿಡಿ ಅನ್ನೋದು, ಸಾಕು. ಸರಿಬರದಿದ್ದರೆ ಮತ್ತೆ ರೆಕಾರ್ಡ್ ಮಾಡಬಹುದು. ಫೋನ್ ಸಾಮಾನ್ಯವಾಗಿ 20 ಸೆಕೆಂಡ್ ರಿಂಗಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಅದು ಕಡಿಮೆ, 40ಕ್ಕೆ ಏರಿಸು. ಬಂದ ಸಂದೇಶ ನಿನ್ನ ಆಫೀಸ್ ಮೇಲ್‌ಗೂ ಬರುತ್ತದೆ.

ರಜೆಯ ಗ್ರೀಟಿಂಗ್ ಅಲ್ಲೇ ಬೇರೆಯಾಗಿ ಇದೆ, ಔಟ್ ಆಫ್ ಆಫೀಸ್ ಅಂತ. ಅದಕ್ಕೆ 'ಆಲ್ ದಿ ಟೈಮ್' ಒತ್ತಬೇಡ. ಔಟ್‌ಲುಕ್‌ನ ಆಟೋ ರಿಪ್ಲೈ (ರಜೆಯಲ್ಲಿದ್ದಾಗ ಆಫೀಸ್ ಮೇಲ್‌ಗೆ ತಾನಾಗಿ ಹೋಗುವ ಉತ್ತರ) ಇದ್ದಾಗ ಮಾತ್ರ ಅನ್ನೋದನ್ನು ಆರಿಸು. ಆಟೋ ರಿಪ್ಲೈಗೆ ಕೊನೆಯ ದಿನಾಂಕವನ್ನೂ ಹಾಕಿಬಿಡು. ಆಮೇಲೆ ನನ್ನದರಿಂದ ನಿನ್ನ ಆಫೀಸ್ ನಂಬರಿಗೆ ಒಂದು ಫೋನ್ ಮಾಡುತ್ತೇನೆ. ಎತ್ತಬೇಡ, ಏನು ಕೇಳಿಸುತ್ತದೋ ನೋಡಿ ಹೇಳುತ್ತೇನೆ.