ಒಂದೊಂದು ಬ್ಯಾಂಕೂ ಸರಿಯಿದ್ದಾಗ ಹಣಕಾಸು ಸ್ಥಿರತೆಯ ವಿಭಾಗ ಯಾಕೆ?

ಪ್ರಶ್ನೆ: ಮೇಡಂ, ನಾನು ಅರ್ಥಶಾಸ್ತ್ರ ಎಂ.ಎ. ವಿದ್ಯಾರ್ಥಿ. ಕೇಂದ್ರ ಬ್ಯಾಂಕ್ ಅಂದ್ರೆ ಬಡ್ಡಿ ದರ ಏರಿಸೋದು, ಇಳಿಸೋದು ಅಂತಲೇ ಓದಿದ್ದೇವೆ. ಅಲ್ಲಿ ಸಂಶೋಧನೆ, ಅಂಕಿಅಂಶ, ಹಣಕಾಸು ಸ್ಥಿರತೆ ಅಂತ ವಿಭಾಗಗಳೂ ಇರುತ್ತವಲ್ಲ. ಪ್ರತಿ ಬ್ಯಾಂಕನ್ನೂ ತಪಾಸಣೆ ಮಾಡೋರು ಇರುವಾಗ ಸ್ಥಿರತೆಗೆ ಅಂತ ಬೇರೆ ವಿಭಾಗ ಯಾಕೆ?

ಉತ್ತರ (ಕೇಂದ್ರ ಬ್ಯಾಂಕೊಂದರ ಅಂಕಿಅಂಶ ವಿಭಾಗದಲ್ಲಿದ್ದವರು): ಒಂದೊಂದನ್ನೇ ನೋಡಿದಾಗ ಕಾಣದ್ದು ಒಟ್ಟಿಗೆ ನೋಡಿದಾಗ ಕಾಣುತ್ತೆ, ಅದಕ್ಕೆ. ನಷ್ಟದ ಸುಳಿವು ಸಿಕ್ಕ ಬ್ಯಾಂಕ್ ಬಾಂಡು ಮಾರಿ ನಗದು ಮಾಡಿಕೊಳ್ಳುತ್ತೆ. ಅದರ ಮಟ್ಟಿಗೆ ಜಾಣತನವೇ. ಎಲ್ಲರೂ ಒಂದೇ ದಿನ ಮಾರಲು ಹೊರಟರೆ ಬೆಲೆ ಕುಸಿಯುತ್ತೆ, ಸುಮ್ಮನಿದ್ದ ಬ್ಯಾಂಕಿನ ಲೆಕ್ಕದಲ್ಲೂ ನಷ್ಟ. ತಪಾಸಣೆಯ ಕಡತ ತೆಗೆದರೆ ಯಾರದ್ದೂ ತಪ್ಪಿಲ್ಲ!

ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕನ್ನು ನೋಡಿ. 2007ರ ಮಧ್ಯದಲ್ಲೂ ಅದರ ಬಂಡವಾಳ, ಅಂದರೆ ನಷ್ಟ ತಡೆದುಕೊಳ್ಳುವ ಸ್ವಂತ ಹಣ, ನಿಯಮದೊಳಗೇ ಇತ್ತು. ಆದರೆ ಗೃಹಸಾಲ ಕೊಡಲು ಅದು ನೆಚ್ಚಿಕೊಂಡಿದ್ದು ಜನರ ಠೇವಣಿಗಿಂತ ಹೆಚ್ಚಾಗಿ ಮಾರುಕಟ್ಟೆಯಿಂದ ಎತ್ತಿದ ಹಣವನ್ನು. ಆಗಸ್ಟಿನಲ್ಲಿ ಆ ಹಣ ಬತ್ತಿತು, ಸೆಪ್ಟೆಂಬರಿನಲ್ಲಿ ಶಾಖೆಗಳ ಮುಂದೆ ಠೇವಣಿದಾರರ ಸಾಲು. 2008ರ ಫೆಬ್ರವರಿಯಲ್ಲಿ ಸರ್ಕಾರವೇ ಬ್ಯಾಂಕನ್ನು ವಹಿಸಿಕೊಂಡಿತು. ಕೊಟ್ಟ ಸಾಲ ವಾಪಸ್ ಬರುತ್ತಾ ಅಂತಷ್ಟೇ ನೋಡುತ್ತಿದ್ದವರಿಗೆ ಇದು ಕಾಣುತ್ತಿರಲಿಲ್ಲ. ಹಣ ಯಾರಿಂದ ಬಂತು, ಎಷ್ಟು ದಿನಕ್ಕೆ ಬಂತು ಅನ್ನೋ ಕಾಲಂ ಬೇಕು.

ಆ ಕಾಲಂ ತುಂಬಿಸೋದು ಅಂಕಿಅಂಶ ವಿಭಾಗ. ಬ್ಯಾಂಕುಗಳು ಕಳಿಸುವ ರಿಟರ್ನುಗಳನ್ನು, ಅಂದರೆ ಲೆಕ್ಕದ ವರದಿಗಳನ್ನು, ತಾಳೆ ನೋಡಬೇಕು. ಒಂದು ಬ್ಯಾಂಕ್ ಕೊಟ್ಟೆ ಅನ್ನುವ ಮೊತ್ತಕ್ಕೂ ಇನ್ನೊಂದು ಪಡೆದೆ ಅನ್ನುವ ಮೊತ್ತಕ್ಕೂ ಹೊಂದಿಕೆಯಾಗದೆ ದಿನಗಟ್ಟಲೆ ಫೋನ್ ಮಾಡಬೇಕು. ಪತ್ರಿಕೆಯಲ್ಲಿ ಹೆಸರು ಬರೋದು ಮಾತ್ರ ಸಂಶೋಧನೆಯವರದ್ದು, ಇರಲಿ! ಅವರ ಕೆಲಸವೂ ಬರೀ ಪ್ರಬಂಧವಲ್ಲ. ದೇಶದ ಉತ್ಪನ್ನಕ್ಕಿಂತ ಸಾಲ ಬಹಳ ವೇಗವಾಗಿ ಬೆಳೆದರೆ ಮುಂದೆ ಬಿಕ್ಕಟ್ಟು ಬರುವ ಸಂಭವ ಹೆಚ್ಚು ಅಂತ ಹಳೆಯ ಅಂಕಿಗಳಿಂದ ತೋರಿಸಿದ್ದು ಸಂಶೋಧನೆಯೇ. ಅಂಥ ಕಾಲದಲ್ಲಿ ಬ್ಯಾಂಕುಗಳು ಅಪಾಯಕ್ಕೆ ತಕ್ಕಂತೆ ತೂಗಿದ ತಮ್ಮ ಆಸ್ತಿಯ ಶೇ. 2.5ರವರೆಗೆ ಹೆಚ್ಚುವರಿ ಬಂಡವಾಳ ಇಡಬೇಕಾಗಬಹುದು ಅನ್ನೋ, ಬ್ಯಾಂಕುಗಳಿಗಾಗಿನ 2010ರ ಅಂತಾರಾಷ್ಟ್ರೀಯ ಬಾಸೆಲ್ 3 ನಿಯಮದ ಹಿಂದೆ ಅದೇ ಇದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಬ್ಯಾಂಕುಗಳ ತಾಳಿಕೆ ಅಳೆಯುವ ಸ್ಟ್ರೆಸ್ ಟೆಸ್ಟ್ ಭವಿಷ್ಯ ಹೇಳುತ್ತಾ? ಹೆಚ್ಚುಕಡಿಮೆ ಎಲ್ಲರೂ ಪಾಸಾದರು ಅಂತಲೇ ಸುದ್ದಿ ಬರುತ್ತೆ.

ಉತ್ತರ: ಭವಿಷ್ಯ ಅಲ್ಲ ಸರ್. ನಿರುದ್ಯೋಗ ಇಷ್ಟು ಏರಿ, ಮನೆಗಳ ಬೆಲೆ ಇಷ್ಟು ಇಳಿದರೆ ಬಂಡವಾಳ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕ. 2009ರಲ್ಲಿ ಅಮೆರಿಕ 19 ದೊಡ್ಡ ಬ್ಯಾಂಕುಗಳನ್ನು ಪರೀಕ್ಷಿಸಿ, 10 ಬ್ಯಾಂಕುಗಳಿಗೆ ಒಟ್ಟು ಸುಮಾರು 7,500 ಕೋಟಿ ಡಾಲರ್ ಬಂಡವಾಳ ತರಲು ಹೇಳಿತು. ಹೆಸರು, ಮೊತ್ತ ಎರಡನ್ನೂ ಪ್ರಕಟಿಸಿತು, ಮಾರುಕಟ್ಟೆ ನಂಬಿತು. 2010ರ ಜುಲೈನ ಯುರೋಪಿನ ಪರೀಕ್ಷೆಯಲ್ಲಿ ಐರ್ಲೆಂಡಿನ ದೊಡ್ಡ ಬ್ಯಾಂಕುಗಳು ಪಾಸಾದವು. ನವೆಂಬರಿಗೆ ಆ ದೇಶ ಹೊರಗಿನ ನೆರವು ಕೇಳಿತ್ತು. ಆ ಪರೀಕ್ಷೆಯಲ್ಲಿ ಸರ್ಕಾರಿ ಬಾಂಡುಗಳ ನಷ್ಟ ಲೆಕ್ಕಕ್ಕೆ ಬಂದದ್ದು ವಹಿವಾಟಿಗೆ ಇಟ್ಟುಕೊಂಡಿದ್ದ ಬಾಂಡುಗಳಿಗೆ ಮಾತ್ರ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವವಕ್ಕೆ ಅಲ್ಲ. ಹಾಗಾಗಿ ವರದಿ ಕೈಗೆ ಬಂದರೆ ಪಾಸು–ಫೇಲಿನ ಪಟ್ಟಿ ಆಮೇಲೆ ನೋಡಿ, ಊಹೆಗಳ ಪುಟ ಮೊದಲು ತೆಗೀರಿ.