ಹೊಸ ಲ್ಯಾಪ್‌ಟಾಪ್ ಸ್ಕ್ರೀನಿನ ಮೂಲೆಯಲ್ಲಿ ಬೆಳಕು ಸೋರುತ್ತಿದೆ, ಏನು ಮಾಡಲಿ?

ಕೇಳಿದವರು: ಲ್ಯಾಪ್‌ಟಾಪ್ ತಗೊಂಡು ನಾಲ್ಕು ದಿನ ಆಯಿತು. ನಿನ್ನೆ ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುತ್ತಿದ್ದೆ. ಕತ್ತಲೆಯ ದೃಶ್ಯ ಬಂದಾಗಲೆಲ್ಲ ಎಡಗಡೆ ಕೆಳಮೂಲೆಯಲ್ಲಿ ಟಾರ್ಚ್ ಬಿಟ್ಟ ಹಾಗೆ ಬೆಳಕು. ಬಲಗಡೆ ಮೇಲೆಯೂ ಸ್ವಲ್ಪ ಹಳದಿ. ಹಗಲು ಏನೂ ಗೊತ್ತಾಗುವುದಿಲ್ಲ. ಇದು ದೋಷವಾ, ಇಲ್ಲ ಎಲ್ಲ ಸ್ಕ್ರೀನೂ ಹೀಗೇನಾ? ವಾಪಸ್ ಕೊಡಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೊದಲ ಉತ್ತರ: ನನಗೂ ಇದೇ ಆಗಿತ್ತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಎರಡು ಮೂಲೆಗಳಲ್ಲಿ ಇರುವುದು ಬೇರೆ ಬೇರೆ ತೊಂದರೆ ಇರಬಹುದು. ಮೊದಲು ಅದನ್ನು ಪತ್ತೆ ಮಾಡಿ.

ಎಲ್‌ಸಿಡಿ ಸ್ಕ್ರೀನ್ ತಾನಾಗಿ ಬೆಳಗುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಅಂಚಿನ ಉದ್ದಕ್ಕೂ ಸಣ್ಣ ಎಲ್‌ಇಡಿಗಳ ಸಾಲು ಇರುತ್ತದೆ. ಪ್ಯಾನಲ್ ಹಿಂದಿನ ಒಂದು ತೆಳು ಹಾಳೆ ಆ ಬೆಳಕನ್ನು ಎಲ್ಲ ಕಡೆ ಹರಡುತ್ತದೆ. ಕಪ್ಪು ತೋರಿಸುವಾಗಲೂ ಆ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ಪದರ ಅದನ್ನು ತಡೆದು ನಿಲ್ಲಿಸಬೇಕು. ಜೋಡಿಸುವಾಗ ಚೌಕಟ್ಟು ಒಂದು ಕಡೆ ಬಿಗಿಯಾಗಿ ಕೂತರೆ, ಆ ಒತ್ತಡಕ್ಕೆ ಅಲ್ಲಿ ಬೆಳಕು ನುಸುಳುತ್ತದೆ. ಇದೇ ಬ್ಯಾಕ್‌ಲೈಟ್ ಬ್ಲೀಡ್. ಐಪಿಎಸ್ ಗ್ಲೋ ಅಂತ ಇನ್ನೊಂದಿದೆ. ಐಪಿಎಸ್ ಅಂದರೆ ಎಲ್‌ಸಿಡಿ ಪ್ಯಾನಲ್‌ಗಳಲ್ಲೇ ಒಂದು ಬಗೆ. ಐಪಿಎಸ್ ಪ್ಯಾನಲ್‌ನ ಮೂಲೆಗಳನ್ನು ನಾವು ಓರೆಯಾಗಿ ನೋಡುತ್ತೇವಲ್ಲ, ಆಗ ಕಾಣುವ ಮಸುಕು ಹೊಳಪು. ಅದು ಆ ಬಗೆಯ ಪ್ಯಾನಲ್‌ನ ಗುಣ, ಬದಲಾಯಿಸಿದರೂ ಹೋಗುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ಸುಲಭ. ಲ್ಯಾಪ್‌ಟಾಪ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಕೋಣೆ ಕತ್ತಲು ಮಾಡಿ, ಪೂರ್ತಿ ಕಪ್ಪು ಚಿತ್ರವನ್ನು ಫುಲ್ ಸ್ಕ್ರೀನ್ ಇಡಿ. ಈಗ ನಿಧಾನಕ್ಕೆ ತಲೆ ಪಕ್ಕಕ್ಕೆ ಸರಿಸಿ, ಎರಡು ಹೆಜ್ಜೆ ಹಿಂದೆಯೂ ಹೋಗಿ ನೋಡಿ. ನನ್ನದರಲ್ಲಿ ಮೇಲಿನ ಮೂಲೆಯ ಹೊಳಪು ನಾನು ಹಿಂದೆ ಹೋದಂತೆ ಕರಗಿಹೋಯಿತು. ಕೆಳಗಡೆ ಹೆಬ್ಬೆರಳ ಉಗುರಿನಷ್ಟು ಅಗಲದ ಬಿಳಿ ಕಲೆ ಮಾತ್ರ ಎಲ್ಲಿಂದ ನೋಡಿದರೂ ಅಲ್ಲೇ ಇತ್ತು, ಆಕಾರವೂ ಬದಲಾಗಲಿಲ್ಲ. ಅದು ಬ್ಲೀಡ್.

ಬ್ರೈಟ್‌ನೆಸ್ ಎಷ್ಟಿದೆ ಅನ್ನುವುದೂ ಮುಖ್ಯ. 100ರಲ್ಲಿ ಇಟ್ಟು ಕತ್ತಲಲ್ಲಿ ನೋಡಿದರೆ ಹೆಚ್ಚಿನ ಎಲ್‌ಸಿಡಿಗಳು ಪಾಸಾಗುವುದಿಲ್ಲ. ಐಪಿಎಸ್‌ನ ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು, ಸಾಮಾನ್ಯವಾಗಿ 1000ಕ್ಕೆ 1ರ ಆಸುಪಾಸು, ಹಾಗಾಗಿ ಅದರ ಕಪ್ಪೇ ಸ್ವಲ್ಪ ಬೂದು. ನೀವು ರಾತ್ರಿ ನಿಜವಾಗಿ ಇಟ್ಟುಕೊಳ್ಳುವ ಮಟ್ಟಕ್ಕೆ, 30 ಅಥವಾ 40ಕ್ಕೆ ಇಳಿಸಿ ನೋಡಿ. ಆಗಲೂ ಕಣ್ಣಿಗೆ ಹೊಡೆದರೆ ಸುಮ್ನೆ ಇರಬೇಡಿ.

ಫೋಟೋ ತೆಗೆಯುವಾಗ ಎಚ್ಚರ. ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ತಾನೇ ಎಕ್ಸ್‌ಪೋಷರ್ ಏರಿಸಿಬಿಡುತ್ತದೆ. ನನ್ನ ಮೊದಲ ಫೋಟೋದಲ್ಲಿ ಇಡೀ ಅಂಚೇ ಹೊತ್ತಿ ಉರಿದ ಹಾಗಿತ್ತು, ಅದನ್ನು ನೋಡಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕಣ್ಣಿಗೆ ಕಂಡಷ್ಟೇ ಬರುವವರೆಗೂ ಎಕ್ಸ್‌ಪೋಷರ್ ಇಳಿಸಿ ತೆಗೆಯಿರಿ. ಅಂಗಡಿಯವರು ನಂಬುವುದೂ ಅಂಥ ಫೋಟೋವನ್ನೇ.

ಆಮೇಲೆ ರಿಟರ್ನ್ ಮಾಡಲು ಎಷ್ಟು ದಿನ ಇದೆ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ನಾನು "ನಾಲ್ಕು ದಿನ ಬಳಸಿ ನೋಡೋಣ" ಅಂದುಕೊಂಡೇ ಆ ದಿನಗಳನ್ನು ಕಳೆದೆ. ಸರ್ವಿಸ್ ಸೆಂಟರ್‌ನಲ್ಲಿ "ಇಷ್ಟು ಬ್ಲೀಡ್ ನಾರ್ಮಲ್, ವಾರಂಟಿಗೆ ಬರಲ್ಲ" ಅಂದರು. ಮೂರು ಸಲ ಅಲೆದ ಮೇಲೆ ಪ್ಯಾನಲ್ ಬದಲಾಯಿಸಿಕೊಟ್ಟರು. ರಿಟರ್ನ್ ಅವಧಿಯಲ್ಲೇ ಕೊಟ್ಟಿದ್ದರೆ ಅಷ್ಟು ಅಲೆದಾಟ ಇರುತ್ತಿರಲಿಲ್ಲ.

ಎರಡನೇ ಉತ್ತರ: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ: ದಯವಿಟ್ಟು ಸ್ಕ್ರೀನ್ ಒತ್ತಬೇಡಿ. ಮೆತ್ತನೆ ಬಟ್ಟೆಯಲ್ಲಿ ಕಲೆ ಇರುವ ಕಡೆ ತಿಕ್ಕಿದರೆ ಹೋಗುತ್ತದೆ ಅಂತ ವಿಡಿಯೋ ನೋಡಿ ನಾನೂ ಮಾಡಿದೆ. ಮೊದಲ ದಿನ ಕಡಿಮೆ ಆದ ಹಾಗೆ ಕಂಡಿತು. ಮಾರನೇ ದಿನ ಸ್ವಲ್ಪ ಜಾಸ್ತಿ ಒತ್ತಿದೆ. ಬ್ಲೀಡ್ ಹಾಗೇ ಉಳಿಯಿತು, ಅದರ ಪಕ್ಕದಲ್ಲಿ ಹೊಸದಾಗಿ ಒಂದು ಬಿಳಿ ಚುಕ್ಕೆ ಬಂತು. ಅದು ಹಗಲಲ್ಲೂ ಕಾಣುತ್ತದೆ. ಒತ್ತಿ ಆದ ಹಾನಿ ಅಂತ ವಾರಂಟಿಯೂ ಸಿಗಲಿಲ್ಲ. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ತೆರೆಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಪ್ಯಾನಲ್ ತಿರುಚಿದ ಹಾಗಾಗುತ್ತದೆ.

ಮೂರನೇ ಉತ್ತರ: ನಾನು ಬದಲಾಯಿಸಿದೆ. ಎರಡನೆಯದರಲ್ಲಿ ಬ್ಲೀಡ್ ಇನ್ನೂ ಕೆಟ್ಟದಾಗಿತ್ತು! ಒಂದೇ ಮಾಡೆಲ್‌ನಲ್ಲೂ ಪ್ಯಾನಲ್‌ನಿಂದ ಪ್ಯಾನಲ್‌ಗೆ ವ್ಯತ್ಯಾಸ ಇರುತ್ತದೆ. ಅದಕ್ಕೇ ಹಣ ವಾಪಸ್ ತಗೊಂಡು ಓಎಲ್‌ಇಡಿಗೆ ಹೋದೆ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಹಿಂದೆ ದೀಪವೇ ಇಲ್ಲ, ಈ ತೊಂದರೆಯೂ ಇಲ್ಲ. ಆದರೆ ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಅಚ್ಚು ಉಳಿಯುವ ಭಯ ಇದೆ. ದಿನವಿಡೀ ಎಕ್ಸೆಲ್ ತೆರೆದಿಡುವವರು ಯೋಚಿಸಿ. ನೀವು ಹಗಲಲ್ಲೇ ಜಾಸ್ತಿ ಕೆಲಸ ಮಾಡುವುದಾದರೆ, ಕಲೆ ಸಣ್ಣದಿದ್ದರೆ ಇಟ್ಟುಕೊಳ್ಳಬಹುದು. ಸಿನಿಮಾ ನೋಡುವಾಗ ಸ್ಕ್ರೀನಿನ ಹಿಂದೆ ಒಂದು ಮಂದ ದೀಪ ಹಚ್ಚಿಡಿ, ತುಂಬಾ ಕಡಿಮೆ ಅನಿಸುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಈಗಷ್ಟೇ ಕತ್ತಲೆಯಲ್ಲಿ ಕೂತು ನೋಡಿದೆ. ಬಲಗಡೆಯ ಹಳದಿ ತಲೆ ಸರಿಸಿದರೆ ಹೋಗುತ್ತದೆ, ಅದು ಗ್ಲೋ. ಎಡಗಡೆಯದು 30ಕ್ಕೆ ಇಳಿಸಿದರೂ ಅಲ್ಲಾಡಲಿಲ್ಲ. ರಿಟರ್ನ್‌ಗೆ ಇನ್ನು ಮೂರು ದಿನ ಇದೆ. ಫೋಟೋ ಹಾಕಿ ಈಗಲೇ ರಿಕ್ವೆಸ್ಟ್ ಕಳಿಸಿದೆ. ಪುಣ್ಯಕ್ಕೆ ಡಬ್ಬಿ ಎಸೆದಿರಲಿಲ್ಲ.