ರೆಲಿಕ್ವರಿ: ಪೆಟ್ಟಿಗೆ ಎನ್ನೋಣವೋ, ಮೂರ್ತಿ ಎನ್ನೋಣವೋ?

ಎಲ್ಲರಿಗೂ ನಮಸ್ಕಾರ. ಮಧ್ಯಯುಗದ ಇಟಲಿಯ ಮರದ ಕೆತ್ತನೆಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಇಂಗ್ಲಿಷಿನವರು ‘ರೆಲಿಕ್ವರಿ’, ಇಟಲಿಯವರು ‘ರೆಲಿಕ್ವಿಯಾರಿಯೊ’ ಅನ್ನುವುದಕ್ಕೆ ನಾವು ಏನನ್ನೋಣ?

ಲೇಖನದಲ್ಲಿ ಬರುವ ವಸ್ತು ಹೀಗಿರುತ್ತದೆ. ತಲೆಯಿಂದ ಎದೆಯವರೆಗಿನ ಸಂತರ ಮೂರ್ತಿ, ಒಳಗೆ ಟೊಳ್ಳು. ಮರದ ಮೇಲೆ ಜಿಪ್ಸಮ್ ಪುಡಿಯನ್ನು ತೊಗಲಿನ ಅಂಟಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಆಮೇಲೆ ಕೆನ್ನೆಗೆ ನಸುಗೆಂಪು, ಉಡುಪಿಗೆ ಚಿನ್ನದ ರೇಕು. ಎದೆಯಲ್ಲೊಂದು ಪುಟ್ಟ ಕಿಂಡಿ, ಇಲ್ಲವೇ ನೆತ್ತಿಯಲ್ಲಿ ಮುಚ್ಚಳ. ಆ ಸಂತರ ಮೂಳೆಯ ಚೂರು ಇರುವುದು ಅದರೊಳಗೆ. ದುಡ್ಡಿದ್ದವರು ಲೋಹದಲ್ಲೇ ಮಾಡಿಸಿದರು. ನೇಪಲ್ಸ್‌ನ ಸಂತ ಜೆನ್ನಾರೊ 1305ರ ಬೆಳ್ಳಿಯ ಮೂರ್ತಿ. ಪೆರೂಜಾದ ಸಂತ ಜೂಲಿಯಾನಾಳದು ಇನ್ನೂ ಮಜಾ. ಈಗ ನ್ಯೂಯಾರ್ಕಿನಲ್ಲಿದೆ. ಒಳಗೆ ತಾಮ್ರ, ಮೇಲೆ ಬಣ್ಣ. ನೋಡಿದರೆ ಮರದ್ದೇ ಅನ್ನಬೇಕು!

‘ಅವಶೇಷ ಪೆಟ್ಟಿಗೆ’ ಎನ್ನಬಹುದು. ಮೂಲದ ಲ್ಯಾಟಿನ್ ಪದಕ್ಕೂ ‘ಉಳಿದದ್ದು’ ಎಂದೇ ಅರ್ಥ. ಆದರೆ ಪೇಪರ್ ಓದುವವರಿಗೆ ಅವಶೇಷ ಅಂದರೆ ಕುಸಿದ ಕಟ್ಟಡ. ‘ಅಸ್ಥಿ’ ಎಂದರೆ ಪಶ್ಚಿಮವಾಹಿನಿ ಕಣ್ಣಿಗೆ ಬರುತ್ತದೆ. ನೀರಿಗೆ ಬಿಡುವುದಕ್ಕೂ ಶತಮಾನಗಟ್ಟಲೆ ಕಾಪಾಡುವುದಕ್ಕೂ ಒಂದೇ ಪದವೇ? ಬುದ್ಧನ ಮೂಳೆಯಂಥ ಅವಶೇಷ ಇಡುವ ಪೆಟ್ಟಿಗೆಗೆ ಬೌದ್ಧರು ಹೇಳುವ ‘ಧಾತುಕರಂಡಕ’ ಅರ್ಥಕ್ಕೆ ತುಂಬ ಹತ್ತಿರ. ಆದರೆ ‘ಮರದ ಧಾತುಮೂರ್ತಿ’ ಎಂದು ಬರೆದರೆ, ಅದು ಮರವೋ ಲೋಹವೋ ಎಂದು ಓದುಗರು ತಲೆ ಕೆರೆದುಕೊಳ್ಳುತ್ತಾರೆ ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ‘ಕರಡಿಗೆ’. ಕರಂಡದಿಂದಲೇ ಬಂದ ಪದ, ಬಾಯಲ್ಲಿ ಪಳಗಿದ ಪದ. ಪವಿತ್ರವಾದದ್ದನ್ನು ಒಳಗಿಟ್ಟುಕೊಳ್ಳುವುದೇ ಅದರ ಕೆಲಸ. ಆದರೆ ಅದರೊಳಗಿರುವುದು ಇಷ್ಟಲಿಂಗ. ಮೂಳೆ ಇಡುವ ಪೆಟ್ಟಿಗೆಗೆ ಆ ಹೆಸರು ಕೊಟ್ಟಿದ್ದರೆ ನಮ್ಮಜ್ಜಿ ಸುಮ್ನೆ ಬಿಡುತ್ತಿರಲಿಲ್ಲ.

ಇನ್ನೊಂದು ತೊಡಕು. ಹಬ್ಬದ ದಿನ ಇದನ್ನು ಮೆರವಣಿಗೆಯಲ್ಲಿ ಹೊತ್ತಾಗ ಜನರಿಗೆ ಕಾಣುವುದು ಆ ಮುಖ. ಬರೀ ‘ಪೆಟ್ಟಿಗೆ’ ಎಂದರೆ ಮುಖ ಬಿಟ್ಟುಹೋಗುತ್ತದೆ. ಬರೀ ‘ಮೂರ್ತಿ’ ಎಂದರೆ ಒಳಗಿನ ಮೂಳೆ. ಹಾಗಾಗಿ ಸದ್ಯಕ್ಕೆ ‘ಕರಂಡಮೂರ್ತಿ’ ಎಂದು ಬರೆದಿಟ್ಟಿದ್ದೇನೆ. ಮೊದಲ ಸಲ ಬಂದಾಗ ‘ಸಂತರ ಮೂಳೆಯನ್ನು ಒಳಗಿಟ್ಟ ಮರದ ಮೂರ್ತಿ’ ಎಂದು ಬಿಡಿಸಿ ಹೇಳಿದರೆ ಸಾಕೇ?

ಕನ್ನಡದಲ್ಲೇ ಪೂಜೆ ನಡೆಯುವ ಚರ್ಚುಗಳಿಗೆ ಹೋಗುವವರು ಇಲ್ಲಿದ್ದರೆ ಒಂದು ಮಾತು. ಅಲ್ಲಿ ಹಬ್ಬದ ದಿನ ಸಂತರ ‘ರೆಲಿಕ್’, ಅಂದರೆ ಆ ಮೂಳೆಯ ಚೂರಿನಂಥದ್ದನ್ನು, ಹೊರಗೆ ತಂದಾಗ ಹಿರಿಯರು ಅದಕ್ಕೆ ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಬಾಯಿಮಾತಿನದು ಬೇಕು.